ಗಾಡಿ ಎಳೀತಾ ಇಲ್ಲ

ಅಲ್ಲ ಮುರಳಿ, ಈಗಲೇ ಏನೂ ಹೇಳಬೇಡಿ. ಮೊದಲು ಕೂತ್ಕೊಳ್ಳಿ. ಕೀ ಅಲ್ಲಿ ಟೀಪಾಯ್ ಮೇಲಿಡಿ. ತಿಂಡಿ ತಿಂದು ನನ್ನ ಗಾಡಿ ತಗೊಂಡು ಹೋದವರು ಈಗ ಬರ್ತಾ ಇದೀರ. ಬಂದ್ರಿ, ಗೇಟ್ ಹಾಕಿದ್ರಿ, ಚಪ್ಪಲಿ ಬಿಟ್ರಿ, ಒಂದು ಮಾತಿಲ್ಲ. ನಿಮ್ಮ ಮುಖ ನೋಡಿ ನಾನೇನು ತಿಳ್ಕೋಬೇಕು? ರಂಜಿನಿನ ನೋಡೋಕೆ ಬಂದಿದ್ದಾಗಲೂ ಹೀಗೇ ಕೂತಿದ್ರಿ. ನಮ್ಮನೆಯವರು ಅಡುಗೆಮನೆಗೆ ಬಂದು, ಹುಡುಗ ಸಾಧು ಕಣೇ ಅಂದ್ರು. ಸಾಧುವೋ ಜಂಭವೋ ಗೊತ್ತಾಗೋಕೆ ಟೈಮ್ ಬೇಕು ಅಂದಿದ್ದೆ ನಾನು. ಇನ್ನೂ ಗೊತ್ತಾಗಿಲ್ಲ ನೋಡಿ.

ಬೇಜಾರಾಯ್ತಾ? ಆಗಲಿ ಬಿಡಿ. ಇವತ್ತು ಅಳಿಯಂದಿರಿಗೆ ಉಪಚಾರ ಮಾಡೋ ಮನಸ್ಸು ನಂಗಿಲ್ಲ. ಕಾಫಿ ಇಟ್ಟಿದೀನಿ, ಕುಡೀರಿ, ಅಷ್ಟೇ.

ಮೊದಲಿಂದ ಹೇಳ್ತೀನಿ, ಕೇಳಿ. ನಡುವೆ ಬಾಯಿ ಹಾಕ್ತೀರ ಅನ್ನೋ ಭಯ ಅಂತೂ ಇಲ್ಲ.

ಮಹಾಲಕ್ಷ್ಮಿ ಲೇಔಟಿನ ಈ ಬೀದೀಲಿ ಕಾರು ಕಲಿತ ಮೊದಲನೇ ಹೆಂಗಸು ನಾನು. ಆಗ ಇಲ್ಲಿ ಗಂಡಸರ ಹತ್ರಾನೇ ಕಾರಿರಲಿಲ್ಲ. ರಾಜಾಜಿನಗರದ ಹೆಣ್ಣುಮಕ್ಕಳ ಹೈಸ್ಕೂಲಲ್ಲಿ ಪಿ.ಟಿ. ಟೀಚರ್ ಆಗಿದ್ದೆ ನಾನು, ಬಿಸಿಲಲ್ಲಿ ಸೀಟಿ ಊದಿಕೊಂಡು ಮಕ್ಕಳನ್ನ ಓಡಿಸ್ತಿದ್ದವಳು. ನಂಗೆ ಭಯ ಅಂದ್ರೆ ಏನಂತ ಗೊತ್ತಿರಲಿಲ್ಲ. ಈ ಡೀಸೆಲ್ ಗಾಡಿ ತಗೊಂಡಾಗ ಶೋರೂಮಿನ ಹುಡುಗ ಎಲ್ಲಾನೂ ನಮ್ಮನೆಯವರಿಗೇ ವಿವರಿಸ್ತಿದ್ದ. ಇದು ಟರ್ಬೊ ಸಾರ್, ಆಕ್ಸಲರೇಟರ್ ಒತ್ತಿದ ತಕ್ಷಣ ಒಂದು ಚೂರು ತಡೆಯುತ್ತೆ, ಆಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹೋಗುತ್ತೆ ಅಂತ. ನಮ್ಮನೆಯವರು ನಗ್ತಾ, ಓಡಿಸೋರು ಇವರು ಕಣಪ್ಪ, ಇವರಿಗೆ ಹೇಳು ಅಂದ್ರು. ಆ ಹುಡುಗನ ಮುಖ ನೋಡಬೇಕಿತ್ತು ನೀವು.

ಆ ಒಂದು ಚೂರು ತಡೆಯೋದಿದೆಯಲ್ಲ, ಅದು ಎಷ್ಟು ಅಂತ ನಂಗೆ ಚೆನ್ನಾಗಿ ಗೊತ್ತಿತ್ತು. ಅದನ್ನ ಲೆಕ್ಕಕ್ಕೆ ತಗೊಂಡೇ ಓಡಿಸ್ತಿದ್ದೆ. ರಂಜಿನಿಗೆ ಹೆರಿಗೆ ನೋವು ಬಂದ ಸಂಜೆ ನೆನಪಿದೆ ತಾನೇ? ಆಫೀಸು ಬಿಡೋ ಹೊತ್ತು, ಕೆಂಗೇರಿಯಿಂದ ಆಸ್ಪತ್ರೆವರೆಗೂ ಒಂದೇ ಒಂದು ಕಡೆ ಧಕ್ಕೆ ಆಗದ ಹಾಗೆ ಕರ್ಕೊಂಡು ಹೋದೆ. ನೀವು ಹಿಂದಿನ ಸೀಟಲ್ಲಿ ಬ್ಯಾಗ್ ತಬ್ಕೊಂಡು ಕೂತಿದ್ರಿ. ಹೆಂಡತಿ ಕೈ ಹಿಡ್ಕೊಳ್ಳಿ ಅಂತ ನಾನೇ ಹೇಳಬೇಕಾಯ್ತು.

ನಗಬೇಡಿ. ನಗೋಕೆ ಹೇಳಿದ್ದಲ್ಲ ನಾನು.

ನಮ್ಮನೆಯವರು ತೀರಿಕೊಂಡ ಮೇಲೆ ಅವರ ತಮ್ಮ ರಾಜೇಂದ್ರ, ಅತ್ತಿಗೆ, ಇನ್ಯಾಕೆ ಗಾಡಿ, ಮಾರಿಬಿಡಿ ಅಂತ ಬಂದ. ಬಂದವನನ್ನ ಅದೇ ಗಾಡೀಲಿ ಕೂರಿಸ್ಕೊಂಡು ಮೆಜೆಸ್ಟಿಕ್‌ಗೆ ಬಿಟ್ಟು ಬಂದೆ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಪಕ್ಕದ ಮನೆ ಸುಮಾನ ಕಣ್ಣಿನ ಆಪರೇಷನ್‌ಗೆ ಕರ್ಕೊಂಡು ಹೋದವಳು ನಾನು. ಪ್ರತಿ ಶನಿವಾರ ಕೆಂಗೇರಿಗೆ ಬಂದು ಚೇತನಾನ ಬಸವೇಶ್ವರನಗರಕ್ಕೆ ಈಜಿನ ಕ್ಲಾಸಿಗೆ ಕರ್ಕೊಂಡು ಹೋಗಿ ವಾಪಸ್ ಬಿಡ್ತಿದ್ದವಳು ನಾನು. ಎರಡನೇ ಕ್ಲಾಸಿನ ಮಗು, ಹಿಂದಿನ ಸೀಟಲ್ಲಿ ಕೂತು ಒದ್ದೆ ತಲೇಲಿ ಸ್ಕೂಲಿನ ಕಥೆಯೆಲ್ಲ ಹೇಳ್ತಾ ಬರ್ತಿತ್ತು. ವಾರವಿಡೀ ನಾನು ಇನ್ಯಾರ ಹತ್ರ ಮಾತಾಡ್ತೀನಿ ಹೇಳಿ? ಶನಿವಾರ ಬಂದ್ರೆ ನಂಗೆ ಹಬ್ಬ.

ಇಷ್ಟೆಲ್ಲಾ ಸರಿಯಾಗಿದ್ದ ಗಾಡಿ ಯಾವಾಗ ಕೆಟ್ಟಿದ್ದು? ನೀವು ಚನ್ನರಾಯಪಟ್ಟಣಕ್ಕೆ ತಗೊಂಡು ಹೋಗಿ ಬಂದ ಮೇಲೆ. ನಿಮ್ಮ ದೊಡ್ಡಪ್ಪನ ಮಗನ ಮದುವೆ, ಮನೆಮಂದಿಯೆಲ್ಲ ತುಂಬ್ಕೊಂಡು ಹೋದ್ರಿ, ಮೇಲೆ ಲಗೇಜು. ದಾರೀಲಿ ಯಾವ ಬಂಕಲ್ಲಿ ಡೀಸೆಲ್ ಹಾಕಿಸಿದ್ರೋ ಏನೋ. ಸೀಟಿನ ಸಂದೀಲೆಲ್ಲ ಅಕ್ಷತೆ, ಕಡ್ಲೆಪುರಿ. ಅದು ಹೋಗಲಿ. ಮುಂದಿನ ವಾರ ನಂದಿನಿ ಲೇಔಟ್ ಏರು ಹತ್ತಿಸ್ತಾ ಇದೀನಿ, ಗಾಡಿ ಎಳೀತಾನೇ ಇಲ್ಲ. ಒತ್ತಿದೀನಿ, ಏನೂ ಇಲ್ಲ. ಮೂರು ಜನ ಕೂತಿದ್ದ ಆಟೋ ನನ್ನ ದಾಟ್ಕೊಂಡು ಹೋಯ್ತು. ಎರಡನೇ ಗೇರಿಗೆ ಹಾಕಿ ಹೇಗೋ ಹತ್ತಿಸಿದೆ. ಇನ್ನೊಂದಿನ ನೋಡಿದ್ರೆ ಸುಮ್ನೆ ಇದ್ದಿದ್ದು ಇದ್ದಕ್ಕಿದ್ದ ಹಾಗೆ ಹಾರಿತು, ಮುಂದಿದ್ದ ಸ್ಕೂಟರಿಗೆ ಇಷ್ಟೇ ಇಷ್ಟು ದೂರದಲ್ಲಿ ಬ್ರೇಕ್ ಹಾಕಿದೆ. ಟರ್ಬೊ ಹೋಗಿದೆ ಅನ್ಕೊಂಡೆ. ಇನ್ನೇನು ಅನ್ಕೋಬೇಕು?

ಹೌದು, ಹೇರೋಹಳ್ಳಿ ಗೃಹಪ್ರವೇಶದಲ್ಲಿ ಎಲ್ಲರ ಮುಂದೆ ಹೇಳಿದೆ. ಊಟದ ಸಾಲಲ್ಲೇ ಹೇಳಿದೆ. ನಮ್ಮ ಅಳಿಯ ಮದುವೆಗೆ ಅಂತ ಗಾಡಿ ತಗೊಂಡು ಹೋಗಿ ಹಾಳು ಮಾಡಿ ತಂದು ನಿಲ್ಲಿಸಿದಾರೆ ಅಂತ. ಬಡಿಸೋರು ಕೂಡ ನಿಂತು ಕೇಳಿದ್ರು. ನೀವು ತಲೆ ಎತ್ತಲಿಲ್ಲ, ಎಲೇಲಿದ್ದ ಕೋಸಂಬರಿ ತಿಂತಾನೇ ಇದ್ರಿ. ರಂಜಿನಿ ಮಾತ್ರ ಕೈ ತೊಳೆಯೋ ಕಡೆ ನನ್ನ ತಡೆದು, ಅಮ್ಮಾ, ಅವರಿಗೆ ನಿನ್ನ ಕಂಡ್ರೆ ಎಷ್ಟು ಗೌರವ ಗೊತ್ತಾ, ಯಾಕೆ ಹೀಗೆ ಅವಮಾನ ಮಾಡ್ತೀಯ ಅಂದ್ಲು. ಗೌರವ ಇದ್ರೆ ಗಾಡಿ ರಿಪೇರಿ ಮಾಡಿಸಿಕೊಡಲಿ ಅಂದೆ.

ಮಾಡಿಸಿಕೊಟ್ರಿ, ಇಲ್ಲ ಅನ್ನಲ್ಲ. ಪೀಣ್ಯದ ಆಫೀಸಿಗೆ ರಜ ಹಾಕಿ ಕಾಮಾಕ್ಷಿಪಾಳ್ಯದ ಬೈರಯ್ಯನ ಗ್ಯಾರೇಜಿಗೆ ಬಿಟ್ರಿ. ಟ್ಯಾಂಕು ಖಾಲಿ ಮಾಡಿಸಿ ಬೇರೆ ಡೀಸೆಲ್ ಹಾಕಿಸಿದ್ರಿ. ಏರ್ ಫಿಲ್ಟರ್ ಬದಲಾಯಿಸಿದ್ರಿ. ನಾನು ತಗೊಂಡು ಬಂದೆ, ಅದೇ ಕಥೆ. ಆಮೇಲೆ... ಆಮೇಲೆ ಆ ಶನಿವಾರ.

ಆ ಶನಿವಾರದ ವಿಷಯ ನಿಮಗೆ ಗೊತ್ತು. ಗೊತ್ತಿದ್ರೂ ಇನ್ನೊಂದು ಸಲ ಕೇಳಿ, ಯಾಕಂದ್ರೆ ಅದಾದ ಮೇಲೆ ನೀವ್ಯಾರೂ ನನ್ನ ಏನೂ ಕೇಳಲಿಲ್ಲ. ಈಜು ಮುಗಿಸ್ಕೊಂಡು ಮಗೂನ ಕರ್ಕೊಂಡು ಬರ್ತಾ ಇದೀನಿ. ಕಾಮಾಕ್ಷಿಪಾಳ್ಯದ ಹತ್ರ ಮಾಗಡಿ ರೋಡಿಗೆ ಬಂದು ಬಲಕ್ಕೆ ತಿರುಗಬೇಕು. ಸುಂಕದಕಟ್ಟೆ ಕಡೆಯಿಂದ ಮಾರ್ಕೆಟ್ ಬಸ್ಸು ಬರ್ತಾ ಇತ್ತು. ದೂರ ಇತ್ತು, ಸತ್ಯವಾಗ್ಲೂ ದೂರ ಇತ್ತು. ಬೇಕಾದಷ್ಟು ಜಾಗ. ಗಾಡಿ ಮುಂದಕ್ಕೆ ತಗೊಂಡೆ, ಅರ್ಧ ರೋಡಿಗೆ ಬಂತು, ಅಲ್ಲೇ ತೆವಳೋಕೆ ಶುರುವಾಯ್ತು. ಒತ್ತಿದೆ. ಇಲ್ಲ. ಇನ್ನೂ ಒತ್ತಿದೆ. ಅಷ್ಟರಲ್ಲಿ ಬಸ್ಸು ನನ್ನ ಬಾಗಿಲ ಹತ್ರಾನೇ ಬಂದುಬಿಟ್ಟಿತ್ತು. ಆಗ ಹಾರಿತು ನೋಡಿ, ಡಿವೈಡರಿಗೆ ಹೊಡಿಯೋದ್ರಲ್ಲಿತ್ತು, ಬ್ರೇಕ್ ತುಳಿದೆ. ಮಗು ಮುಂದಿನ ಸೀಟಿಗೆ ಮುಖ ಹೊಡ್ಕೊಂಡ್ಲು. ತುಟಿ ಒಡೆದು ರಕ್ತ. ಬಸ್ಸಿನ ಡ್ರೈವರ್ ಇಳಿದು ಬಂದು ಬಾಯಿಗೆ ಬಂದ ಹಾಗೆ ಬೈದ. ವಯಸ್ಸಾದ ಮೇಲೆ ಮನೇಲಿ ಬಿದ್ದಿರೋಕಾಗಲ್ವಾ ಆಂಟಿ ಅಂದ. ನಾನು ಒಂದು ಮಾತಾಡಲಿಲ್ಲ. ನಾನು, ಮುರಳಿ. ಮಗು ಹಿಂದೆ ಅಳ್ತಾ ಇತ್ತು.

ರಾತ್ರಿ ರಂಜಿನಿ ಫೋನ್ ಮಾಡಿದ್ಲು. ಅಮ್ಮಾ, ಗಾಡಿ ಸರಿ ಹೋಗೋವರೆಗೂ ಚೇತನಾನ ನಾವೇ ಕ್ಲಾಸಿಗೆ ಬಿಡ್ತೀವಿ ಅಂತ. ಬೈಯಲೂ ಇಲ್ಲ, ಕೂಗಾಡಲೂ ಇಲ್ಲ. ಅದು ಅವಳ ಮಾತಲ್ಲ, ನಿಮ್ಮ ಮಾತು. ನನ್ನ ಮಗಳ ಸ್ವಂತ ಮಾತಾಗಿದ್ರೆ ಕೂಗಾಡ್ತಿದ್ಲು. ಹಿಂದೆ ನಿಂತ್ಕೊಂಡು ಹೇಳಿಕೊಟ್ಟಿದೀರ ಅಂತ ನಂಗೆ ಅವತ್ತೇ ಗೊತ್ತಾಯ್ತು. ಮಗೂನ ನನ್ನಿಂದ ದೂರ ಮಾಡೋಕೆ ನಿಮಗೊಂದು ನೆಪ ಬೇಕಿತ್ತು, ನೀವೇ ಕೆಡಿಸಿದ ಗಾಡಿ ನಿಮಗೆ ಆ ನೆಪ ಕೊಡ್ತು. ಅಲ್ವಾ?

ತಲೆ ಅಲ್ಲಾಡಿಸಿದ್ರೆ ಆಗಲ್ಲ.

ಸೋಮವಾರ ಮತ್ತೆ ಬೈರಯ್ಯನ ಹತ್ರ ಬಿಟ್ರಿ. ಅವನು ಟರ್ಬೊಗೆ ಹೋಗೋ ರಬ್ಬರ್ ಪೈಪಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದ. ಗಾಳಿ ಅಲ್ಲಿಂದಲೇ ಸೋರಿ ಹೋಗಿರಬಹುದು ಮೇಡಂ ಅಂದ. ಆ ಬಿರುಕು ನೋಡಿ ನಂಗೆಷ್ಟು ಖುಷಿಯಾಯ್ತು ಅಂತ ನಿಮಗೆ ಗೊತ್ತಿಲ್ಲ. ಆ ಹಳೇ ಪೈಪ್ ಕೇಳಿ ಇಸ್ಕೊಂಡು ಬಂದಿದೀನಿ, ಹಿತ್ತಲಲ್ಲಿದೆ. ಹೊಸದು ಹಾಕಿದ, ನಾನು ಓಡಿಸಿದೆ. ಮತ್ತೆ ಅದೇ. ಕಂಪ್ಯೂಟರಿಗೆ ಹಾಕಿ ನೋಡಿ, ಏನೂ ತೋರಿಸ್ತಿಲ್ಲ ಕೋಕಿಲಾ ಮೇಡಂ ಅಂದ. ನಿಮ್ಮ ಕಂಪ್ಯೂಟರೇ ಕೆಟ್ಟಿದೆ ಅಂತ ಹೇಳಿ ಬಂದೆ.

ಅದಕ್ಕೇ ಇವತ್ತು ನಿಮ್ಮನ್ನ ಕರೆಸಿದ್ದು. ನೀವೇ ಓಡಿಸಿ, ಗಾಡಿ ಎಳೆಯಲ್ಲ ಅಂತ ನೀವೇ ನೋಡಿ, ನಿಮ್ಮ ಬಾಯಿಂದಲೇ ರಂಜಿನಿಗೆ ಫೋನ್ ಮಾಡಿ ಹೇಳಿ. ಅತ್ತೆ ತಪ್ಪೇನೂ ಇಲ್ಲ, ಗಾಡೀದೇ ತಪ್ಪು ಅಂತ. ಅಷ್ಟು ಹೇಳಿದ್ರೆ ಸಾಕು. ಗಾಡಿ ಬೇಕಾದ್ರೆ ಗುಜರಿಗೆ ಹಾಕಿ, ನಾನು ಬೇರೆ ತಗೋತೀನಿ.

ಈಗ ಹೇಳಿ.

ಹೇಳಿ ಮುರಳಿ. ಇಷ್ಟು ಹೊತ್ತು ಬೇಡ ಅಂದಿದ್ದು ನಾನೇ. ಈಗ ಕೇಳ್ತಾ ಇದೀನಿ. ನಂದಿನಿ ಲೇಔಟ್ ಏರಿಗೆ ಹೋಗಿದ್ರಾ?

ಹೋಗಿದ್ರಿ. ಎರಡನೇ ಗೇರಲ್ಲಿ ಹತ್ತಿತಾ?

ಮತ್ತೆ? ...ಮೂರನೇದಾ?

ಮೂರನೇ ಗೇರಲ್ಲಿ ಹತ್ತಿತು.

ಬಿಸಿಲಿಗೆ ಎಂಜಿನ್ ಬಿಸಿಯಾಗಿರುತ್ತೆ, ಅದಕ್ಕೆ. ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕಿತ್ತು. ಮತ್ತೆ ನೀವೊಬ್ಬರೇ ಇದ್ರಿ, ಭಾರ ಇರಲಿಲ್ಲ... ನಾನೂ ಒಬ್ಬಳೇ ಇದ್ದೆ, ಸರಿ. ಅದಿರಲಿ. ರಿಂಗ್ ರೋಡಲ್ಲಿ ಹೋದ್ರಾ? ಅಲ್ಲೂ ಸರಿ ಹೋಯ್ತಾ? ಎಲ್ಲಾ ಕಡೇನೂ ಸರಿ ಹೋಯ್ತಾ? ನಿಮ್ಮ ಕೈಲಿ ಎಳೆಯುತ್ತೆ, ನನ್ನ ಕೈಲಿ ಎಳೆಯಲ್ಲ ಅಂದ್ರೆ ಏನರ್ಥ? ಓಡಿಸೋರು ಗಂಡಸೋ ಹೆಂಗಸೋ ಅಂತ ಗಾಡಿ ನೋಡುತ್ತಾ? ನಾನು ಸುಳ್ಳು ಹೇಳ್ತಿದೀನಿ ಅಂತೀರಾ?

ಅನ್ನಿ. ಒಂದು ಸಲ ಬಾಯಿಬಿಟ್ಟು ಅನ್ನಿ. ನೀವು ಸುಳ್ಳು ಹೇಳ್ತೀರ ಅತ್ತೆ ಅನ್ನಿ, ನಾನು ಉತ್ತರ ಕೊಡ್ತೀನಿ. ನೀವು ಹೀಗೆ ಸುಮ್ನೆ ಕೂತ್ರೆ ನಾನು ಯಾರ ಹತ್ರ ಜಗಳ ಆಡಲಿ?

ಯಾಕೆ ಹಾಗೆ ನೋಡ್ತಾ ಇದೀರ?

ಚೇತನಾ ಏನಾದ್ರೂ ಹೇಳಿದ್ಲಾ?

ಮುರಳಿ, ಇಲ್ಲ ಅನ್ನಿ.

...ಇಲ್ಲ ಅನ್ನಲಿಲ್ಲ ನೀವು.

ಅಜ್ಜಿ ಕೆಳಗೆ ನೋಡ್ತಾ ಇದ್ರು ಅಂದ್ಲಾ? ಬಸ್ಸು ಬರುವಾಗ ಅಜ್ಜಿ ರೋಡ್ ನೋಡ್ತಾ ಇರಲಿಲ್ಲ, ಬಗ್ಗಿ ಕೆಳಗೆ ನೋಡ್ತಾ ಇದ್ರು ಅಂತ? ಹಿಂದಿನ ಸೀಟಿಂದ ಅವಳಿಗೆ ಎಲ್ಲಾ ಕಾಣುತ್ತೆ. ಅಜ್ಜೀ, ಬಸ್ಸು ಅಂತ ಕೂಗಿದ್ಲು. ಅವಳು ಕೂಗಿದ್ಮೇಲೇ ನಾನು ತಲೆ ಎತ್ತಿದ್ದು. ಅದನ್ನ ಯಾರಿಗೂ ಹೇಳಬೇಡ ಅಂತ ನಾನು ಅವಳಿಗೆ ಹೇಳಲಿಲ್ಲ, ದೇವರಾಣೆಗೂ ಹೇಳಲಿಲ್ಲ. ಹೇಳಬೇಕು ಅನ್ನಿಸ್ತು. ಒಡೆದ ತುಟಿ ಒರೆಸ್ತಾ ಇದ್ದೆ, ಬಾಯಿ ಬರಲಿಲ್ಲ.

ಕಾಲು ನೋಡ್ತಾ ಇದ್ದೆ.

ಬಲಗಾಲು. ಶುಗರ್ ಇರೋದು ನಿಮಗೆಲ್ಲ ಗೊತ್ತೇ ಇದೆ, ಇದು ಗೊತ್ತಿಲ್ಲ. ಮೊದಲು ಹೆಬ್ಬೆರಳು ಜೋಮು ಹಿಡಿದ ಹಾಗಿರ್ತಿತ್ತು. ತಿಕ್ಕಿದ್ರೆ ಹೋಗುತ್ತೆ ಅನ್ಕೊಂಡೆ. ಆಮೇಲೆ ಇಡೀ ಪಾದ. ನೆಲ ತಣ್ಣಗಿದೆಯೋ ಸುಡ್ತಾ ಇದೆಯೋ ಗೊತ್ತಾಗಲ್ಲ, ಹತ್ತಿ ಮೇಲೆ ನಡೆದ ಹಾಗೆ. ಒಂದಿನ ಹಾಲು ತಗೊಂಡು ಮನೆಗೆ ಬಂದೆ, ಹಿಂದೇನೇ ಸುಮಾ ನನ್ನ ಒಂದು ಚಪ್ಪಲಿ ಹಿಡ್ಕೊಂಡು ಓಡಿ ಬಂದ್ಲು. ಬೀದಿ ತುದೀಲಿ ಬಿದ್ದುಹೋಗಿದೆ, ಅಲ್ಲಿಂದ ಇಲ್ಲಿವರೆಗೂ ಬರಿಗಾಲಲ್ಲಿ ಬಂದಿದೀನಿ, ನಂಗೆ ಗೊತ್ತೇ ಆಗಿಲ್ಲ. ಮರೆವು ಕಣೇ ಅಂತ ನಕ್ಕುಬಿಟ್ಟೆ. ಮರೆವು ಅಂದ್ರೆ ಎಲ್ಲರೂ ನಂಬ್ತಾರೆ.

ಆಕ್ಸಲರೇಟರ್ ಮೇಲೆ ಕಾಲಿಟ್ರೆ ಎಷ್ಟು ಒತ್ತಿದೀನಿ ಅಂತ ಗೊತ್ತಾಗಲ್ಲ. ಪೂರ್ತಿ ಒತ್ತಿದೀನಿ ಅನ್ಕೊಂಡಿರ್ತೀನಿ, ಕಾಲು ಸುಮ್ನೆ ಅದರ ಮೇಲೆ ಕೂತಿರುತ್ತೆ. ಇಲ್ಲದಿದ್ರೆ ಇದ್ದಕ್ಕಿದ್ದ ಹಾಗೆ ನೆಲ ಮುಟ್ಟೋ ಹಾಗೆ ಒತ್ತಿರ್ತೀನಿ. ಬಗ್ಗಿ ನೋಡಿದ್ರೆ ಮಾತ್ರ ಗೊತ್ತಾಗೋದು. ಅದಕ್ಕೇ ನೋಡೋದು. ರೋಡು ಒಂದು ಸಲ, ಕಾಲು ಒಂದು ಸಲ. ಹಾಗೇ ನಿಭಾಯಿಸ್ತಾ ಇದ್ದೆ. ಚನ್ನರಾಯಪಟ್ಟಣಕ್ಕೆ ನೀವು ಹೋಗೋಕೆ ಮುಂಚೇನೇ ಶುರುವಾಗಿತ್ತು. ನೀವು ಗಾಡಿ ಕೇಳಿದಾಗ ನಂಗೆ... ನಂಗೆ ಒಂಥರಾ ಸಮಾಧಾನ ಆಯ್ತು. ಆಮೇಲೆ ನಿಮ್ಮ ಮೇಲೆ ಹಾಕಬಹುದು ಅಂತ ಆಗ ಅನ್ಕೊಂಡಿರಲಿಲ್ಲ. ಆದ್ರೆ ಹಾಕೋದು ಸುಲಭ ಆಯ್ತು. ನೀವು ಮಾತಾಡಲ್ವಲ್ಲ.

ಡಾಕ್ಟರಿಗೂ ಹೇಳಿಲ್ಲ. ಹೇಳಿದ್ರೆ ಮೊದಲು ಕೀ ಇಸ್ಕೋತಾರೆ, ಆಮೇಲೆ ಔಷಧಿ. ಕೀ ಹೋದ್ರೆ ನಾನು ಯಾರು ಹೇಳಿ? ಬಾಗಿಲಲ್ಲಿ ಕೂತು ಮೊಮ್ಮಗಳು ಯಾವಾಗ ಬರ್ತಾಳೆ ಅಂತ ಕಾಯೋ ಮುದುಕಿ.

ಇರಿ. ಒಂದು ನಿಮಿಷ ಇರಿ. ಚೇತನಾ ನಿಮಗೆ ಯಾವಾಗ ಹೇಳಿದ್ಲು? ಅವತ್ತೇ?

ಶನಿವಾರವೇ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಸೋಮವಾರ ಗಾಡಿ ತಗೊಂಡು ಹೋಗಿ ಪೈಪ್ ಹಾಕಿಸಿದ್ರಿ. ಕಂಪ್ಯೂಟರಿಗೆ ಹಾಕಿಸಿದ್ರಿ. ಇವತ್ತು ನಾನು ಕರೆದ ತಕ್ಷಣ ಬಂದು ಊರೆಲ್ಲ ಸುತ್ತಿಸಿಕೊಂಡು ಬಂದ್ರಿ. ಯಾಕೆ? ನನ್ನ ಪರೀಕ್ಷೆ ಮಾಡೋಕಾ?

...ಗಾಡೀದೇ ತಪ್ಪಾಗಿರಲಿ ಅಂತ ನೀವೂ ಅನ್ಕೊಂಡ್ರಾ?

ರಂಜಿನಿಗೆ ಹೇಳಿಲ್ಲ, ಅಲ್ವಾ. ಹೇಳಿದ್ರೆ ಅವಳು ಅದೇ ರಾತ್ರಿ ಆಟೋ ಹತ್ತಿ ಬಂದು ನನ್ನ ಮುಂದೆ ನಿಂತಿರ್ತಿದ್ಲು. ಗಾಡಿ ಸರಿ ಹೋಗೋವರೆಗೂ ಅನ್ನೋ ಮಾತು ನೀವೇ ಹೇಳಿಕೊಟ್ಟಿದ್ದು, ಅದಂತೂ ನಾನು ಸರಿಯಾಗಿ ಹಿಡಿದೆ. ಯಾಕೆ ಹೇಳಿಕೊಟ್ರಿ ಅನ್ನೋದನ್ನ ಹಿಡಿಯಲಿಲ್ಲ.

ಕೋಪ ಬರಲ್ವಾ ನಿಮಗೆ? ನಾನಾಗಿದ್ರೆ ಆ ಊಟದ ಸಾಲಿಂದ ಎದ್ದು ಹೋಗ್ತಿದ್ದೆ. ಜನ್ಮದಲ್ಲಿ ಮುಖ ನೋಡ್ತಿರಲಿಲ್ಲ.

ಯಾಕೆ ಎದ್ರಿ? ಕೀ ತಗೊಂಡು ಹೋಗ್ತೀರಾ? ತಗೋಬೇಡಿ. ಮುರಳಿ, ಬೇಡ. ನಾನೇ ಕೊಡ್ತೀನಿ, ನಾನೇ ಎತ್ತಿ ಕೊಡಬೇಕು, ಸ್ವಲ್ಪ ಹೊತ್ತು ಬಿಡಿ...

ಏನು ಮಾಡ್ತಾ ಇದೀರ? ನೆಲದ ಮೇಲೆ ಯಾಕೆ ಕೂತ್ರಿ, ಏಳಿ. ಒರೆಸಿಲ್ಲ ಅಲ್ಲಿ. ಬಿಡಿ, ಕಾಲು ಬಿಡಿ. ಅದೇನಿಲ್ಲ, ಬೊಬ್ಬೆ. ಎಲ್ಲೋ ತಾಗಿರಬೇಕು. ನಂಗೇನೂ ನೋವಿಲ್ಲ. ನೋವಿಲ್ಲ ಅಂತಾನೇ ಅಲ್ವಾ ಇಷ್ಟೆಲ್ಲಾ.

ಮುಖ ಸಣ್ಣ ಮಾಡ್ಕೋಬೇಡಿ. ಪೂರ್ತಿ ಹೋಗಿಲ್ಲ. ನಿಜವಾಗ್ಲೂ. ಕೆಲವು ದಿನ ಚೆನ್ನಾಗೇ ಗೊತ್ತಾಗುತ್ತೆ. ನೀವೇ ನೋಡಿ ಬೇಕಾದ್ರೆ. ನಾನು ಕಿಟಕಿ ಕಡೆ ತಿರುಗ್ತೀನಿ, ಮೋಸ ಮಾಡಲ್ಲ. ನೀವು ಒಂದು ಬೆರಳು ಮುಟ್ಟಿ, ಯಾವುದು ಅಂತ ಹೇಳ್ತೀನಿ. ಸರಿಯಾಗಿ ಹೇಳಿದ್ರೆ ಡಾಕ್ಟರ್ ಹತ್ರ ಬರ್ತೀನಿ, ತಪ್ಪಾದ್ರೂ ಬರ್ತೀನಿ. ಆಯ್ತಾ?

ಹೂಂ, ತಿರುಗಿದೆ. ಮುಟ್ಟಿ.

ಮುಟ್ಟಿ ಮುರಳಿ. ಯಾಕೆ ಸುಮ್ನೆ ಕೂತಿದೀರ?

...ಮುಟ್ಟಿದೀರಾ?